ಎದೆಯ ಮೇಲಿನ ಲೋಟ

‘ಮಲಗಿದವನು ಬಾಳಿಯಾನು’ ಎಂಬ ಗಾದೆ ಎಲ್ಲೂ ಇಲ್ಲ. ತಾಳಿದವನನ್ನು ಎಬ್ಬಿಸಿ ಆ ಜಾಗದಲ್ಲಿ ನಾನೇ ಇವನನ್ನು ಮಲಗಿಸಿದ್ದೇನೆ. ಕಥೆ ಮಾತ್ರ ಸತ್ಯ.

ಬಚ್ಚಲುಮನೆಯಿಂದ ಧಪ್ ಧಪ್ ಎಂದು ಸದ್ದು ಬರುತ್ತಿತ್ತು. ಹೆಂಡತಿ ಬಾಗಿಲು ತಟ್ಟಿದಳು.

“ಏನ್ರೀ ಅದು?”

“ಸೋಪು ಬಿತ್ತು ಕಣೇ.”

“ತಾಳಕ್ಕೆ ಸರಿಯಾಗಿ ಬೀಳ್ತಿದೆಯಲ್ಲ ಸೋಪು.”

ಒಳಗಿದ್ದವನು ಜಿಮ್ಮಿನ ಮೇಷ್ಟ್ರು, ಎಲ್ಲರ ಬಾಯಲ್ಲಿ ‘ಕಬ್ಬಿಣ’. ನೆಗಡಿ ಎಂದ ಶಿಷ್ಯನನ್ನು ಇನ್ನೆರಡು ಸುತ್ತು ಓಡಿಸುವ ಆಸಾಮಿ. ಅಂಥವನಿಗೇ ಜ್ವರ ಬಂದು, ಅದು ಹೃದಯದ ಸ್ನಾಯುವಿಗೂ ತಾಗಿತ್ತು. ಅದು ಮಾಯುವವರೆಗೆ ಮೆಟ್ಟಿಲು ಕೂಡ ಹತ್ತಬಾರದು, ಹಟ ಮಾಡಿದರೆ ಗುಂಡಿಗೆ ನಿಂತರೂ ನಿಂತೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಈಗ ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತ ಹೊರಬಂದ.

“ಸುಮ್ನೆ ಬಿದ್ಕೊಂಡಿದ್ರೆ ಶಿಷ್ಯರು ಏನಂದಾರು? ಕಬ್ಬಿಣಕ್ಕೆ ತುಕ್ಕು ಹಿಡೀತು ಅಂತಾರೆ.”

ಹೆಂಡತಿ ಮನೆಗೆ ಬಂದಿದ್ದ ತನ್ನ ತಮ್ಮನ ಮುಂದೆ ಕಣ್ಣೊರೆಸಿಕೊಂಡಳು. ತಮ್ಮ ಯಾರ ದನಿಯನ್ನಾದರೂ ಕದಿಯುವವನು. ಒಮ್ಮೆ ಅಜ್ಜಿಯ ದನಿಯಲ್ಲಿ ಅಜ್ಜಿಯನ್ನೇ ಗದರಿಸಿ ಸುಮ್ಮನಾಗಿಸಿದ್ದ.

“ಅಳ್ಬೇಡಕ್ಕ. ಭಾವನಿಗೆ ಮಲಗಿ ಅಂದ್ರೆ ಮಲಗಲ್ಲ. ಮಲಗೋದು ಬಲು ಕಷ್ಟ ಅನ್ನಬೇಕು.”

ಪಕ್ಕದ ಮನೆಯವರ ಫೋನು ಇಸಕೊಂಡು ಭಾವನಿಗೆ ಕರೆ ಮಾಡಿದ. ಡಾಕ್ಟರಂತೆಯೇ ವಾಕ್ಯಕ್ಕೊಮ್ಮೆ ಗಂಟಲು ಸರಿಪಡಿಸಿಕೊಂಡ.

“ಡಾಕ್ಟರ್ ಮಾತಾಡ್ತಿರೋದು. ಹ್ಮ್. ಇದನ್ನ ಎಲ್ಲರಿಗೂ ಹೇಳಲ್ಲ. ಅಂಗಾತ ಮಲಗಿ. ಎದೆ ಮೇಲೆ ಲೋಟದ ತುಂಬ ನೀರು. ಒಂದು ಹನಿ ಚೆಲ್ಲಬಾರದು. ಹ್ಮ್. ಎಂತೆಂಥ ಪೈಲ್ವಾನರೇ ಇದರಲ್ಲಿ ಸೋತಿದ್ದಾರೆ.”

ಅತ್ತ ಕಡೆ ಕಬ್ಬಿಣ ಒಮ್ಮೆ ಕೆಮ್ಮಿದ. “ನನ್ ಕೈಲಿ ಆಗುತ್ತೆ ಬಿಡಿ ಡಾಕ್ಟ್ರೇ.”

ಅಂದಿನಿಂದ ಕಬ್ಬಿಣ ಮಂಚಕ್ಕೆ ಅಂಟಿಕೊಂಡ. ನೋಡಲು ಬಂದ ಶಿಷ್ಯರು ಬಾಗಿಲಲ್ಲೇ ಉಸಿರು ಬಿಗಿಹಿಡಿದು ನಿಂತರು. “ಮಾತಾಡಿಸಬೇಡ್ರೋ, ಕಷ್ಟದ ವ್ಯಾಯಾಮ,” ಎಂದು ತುಟಿಯಂಚಿನಲ್ಲೇ ಗದರುತ್ತಿದ್ದ. ಆ ಸ್ಟೀಲ್ ಲೋಟವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹೆಂಡತಿ ಹತ್ತಿರ ಬಂದರೆ, “ದೂರ ನಿಲ್ಲೇ, ನಿನ್ನ ಉಸಿರಿಗೇ ಅಲುಗುತ್ತೆ.” ಆಗಾಗ ಗೊರಕೆಯೂ ಕೇಳುತ್ತಿತ್ತು. ಗೊರಕೆಯಲ್ಲೂ ಹನಿ ಚೆಲ್ಲದ್ದನ್ನು ಕಂಡು ಶಿಷ್ಯನೊಬ್ಬ ಕೈಮುಗಿದೇಬಿಟ್ಟ.

ಕೊನೆಗೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಗುಂಡಿಗೆ ಗಟ್ಟಿಯಾಗಿದೆ, ಇನ್ನು ನಿಧಾನವಾಗಿ ನಡೆದಾಡಬಹುದು ಎಂದರು. ಮನೆಗೆ ಬಂದವನೇ ಕಬ್ಬಿಣ ರೂಢಿಯಂತೆ ಎದೆ ಮೇಲೆ ಲೋಟ ಇಟ್ಟುಕೊಂಡು ಮಲಗಿದ. ಭಾವಮೈದನಿಗೆ ತಡೆಯಲಾಗಲಿಲ್ಲ. ಮಂಚದ ಪಕ್ಕ ಬಗ್ಗಿ ಗಂಟಲು ಸರಿಪಡಿಸಿಕೊಂಡ.

“ಹ್ಮ್. ಇನ್ನು ಏಳಿ ಪೈಲ್ವಾನರೇ. ಹ್ಮ್.”

ಹೆಂಡತಿ ಬಾಯಿ ಮುಚ್ಚಿಕೊಂಡು ನಕ್ಕಳು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಕಬ್ಬಿಣ ಇಬ್ಬರನ್ನೂ ಒಮ್ಮೆ ನೋಡಿ, ಇಬ್ಬರಿಗಿಂತ ಜೋರಾಗಿ, ಮಂಚ ಕಿರುಗುಟ್ಟುವಂತೆ ನಗತೊಡಗಿದ. ಲೋಟ ಉರುಳಿ ಠಣ್ಣನೆ ನೆಲಕ್ಕೆ ಬಿತ್ತು. ಹೆಂಡತಿ ಒರೆಸುವ ಬಟ್ಟೆ ಹಿಡಿದು ಓಡಿಬಂದಳು.

ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ.

“ರೋಗಿಗೆ ತಾನಾಗೇ ಫೋನ್ ಮಾಡೋ ಡಾಕ್ಟ್ರು ಯಾವ ಲೋಕದಲ್ಲಿದ್ದಾರೋ, ಮಂಕೇ?” ಎಂದ ಕಬ್ಬಿಣ, ನಗುತ್ತಲೇ ಮಗ್ಗುಲಾಗಿ ಕಣ್ಣು ಮುಚ್ಚಿಕೊಳ್ಳುತ್ತ.