ದಾರಿ ಬರೆದ ಹಾಳೆ

ಕಾತ್ಯಾಯಿನಿ ಆ ಹಾಳೆಯನ್ನು ಹಿತ್ತಿಲ ಒಗೆಯುವ ಕಲ್ಲಿನ ಮೇಲಿಟ್ಟು ದೂರ ಸರಿದು ನಿಂತಳು. ಮೈದುನ ಕಿಟ್ಟಿಯ ಕೈಗೆ ಕೊಡುವ ಹಾಗಿರಲಿಲ್ಲ; ಬೆಳಿಗ್ಗೆಯಷ್ಟೇ ಅವಳು ಹೊರಗಾಗಿದ್ದಳು. ಮನೆಯ ಮುಂದೆ, ಆಗತಾನೇ ಪೂಜೆ ಮಾಡಿದ ಕಾರಿನಲ್ಲಿ ಗಂಡ ಸೀತಾರಾಮು ಹಾರನ್ ಒತ್ತುತ್ತಿದ್ದ. ಕನಕಪುರದ ಮೇಲೆ ಮೈಸೂರಿಗೆ ಹೋಗುವ ಕಾರ್ ರ‍್ಯಾಲಿಯಲ್ಲಿ ಅವನ ಪಕ್ಕ ಕೂತು ದಾರಿ ಹೇಳಬೇಕಾಗಿದ್ದವಳು ಅವಳೇ. ಆರು ಭಾನುವಾರ ಅದೇ ರಸ್ತೆಯಲ್ಲಿ ಓಡಾಡಿ, ಒಂದೊಂದು ತಿರುವಿನ ಮೈಲಿ, ನಿಮಿಷ ಬರೆದಿಟ್ಟಿದ್ದಳು. ಈಗ ಅವಳ ಜಾಗದಲ್ಲಿ ಕಿಟ್ಟಿ.

“ಹಾಗೇ ಮುಟ್ಬೇಡ, ಇರೋ,” ಎಂದು ಅತ್ತೆ ತಂಬಿಗೆಯಿಂದ ಹಾಳೆಯ ಮೇಲೆ ನೀರು ಚಿಮುಕಿಸಿದರು. ನೀಲಿ ಶಾಯಿ ಕಲಸಿಹೋಯಿತು.

“ಅಯ್ಯೋ, ಏನೂ ಕಾಣಲ್ವಲ್ಲಮ್ಮ!” ಎಂದ ಕಿಟ್ಟಿ.

“ದಾರೀಲಿ ಯಾರನ್ನಾದ್ರೂ ಕೇಳ್ಕೊಂಡು ಹೋಗ್ರೋ.”

“ಕಿಟ್ಟಿ, ನಂಗೆ ಬಾಯಿಪಾಠ ಆಗಿದೆ, ಹೇಳ್ತೀನಿ ಬರ್ಕೊಳ್ಳಪ್ಪ,” ಎಂದಳು ಕಾತ್ಯಾಯಿನಿ. ಹಾರನ್ ಮತ್ತೆ ಕೂಗಿತು. ಕಿಟ್ಟಿ ಒದ್ದೆ ಹಾಳೆ ಹಿಡಿದು ಓಡಿದ.

ಕಾರು ಹೊರಟುಹೋಗಿ ಎಷ್ಟೋ ಹೊತ್ತಾದರೂ ಅವಳು ನಿಂತೇ ಇದ್ದಳು. ಬೆಳಿಗ್ಗೆ ಅತ್ತೆ ಕಾಫಿಗೆ ಕರೆದಾಗ, ಅಡುಗೆಮನೆಯ ಹೊಸ್ತಿಲಾಚೆ ನಿಂತು ತಾನು ಹೊರಗಾದದ್ದನ್ನು ಅವಳೇ ಹೇಳಿದ್ದಳು. ಹೊರಗಾದೆಯಾ ಎಂದು ಯಾರೂ ಕೇಳಿರಲಿಲ್ಲ. ಬಾಯಿ ಮುಚ್ಚಿಕೊಂಡು ಕಾರು ಹತ್ತಿದ್ದರೆ ಇಷ್ಟು ಹೊತ್ತಿಗೆ ಕನಕಪುರದ ದಾರಿಯಲ್ಲಿ ಸಾರಕ್ಕಿ ದಾಟಿರುತ್ತಿದ್ದಳು.