ಫೆರಿ ಹತ್ತದ ಲಾರಿ

ಪರದೇಶದ ಬಂದರಿನಲ್ಲಿ ಉಳ್ಳಾಲದ ಹಮ್ಮಬ್ಬ ತನ್ನ ಲಾರಿಯೊಂದಿಗೆ, ಗಾಡಿಗಳನ್ನು ಆಚೆ ದಡಕ್ಕೆ ದಾಟಿಸುವ ಫೆರಿಗಾಗಿ ಕಾದಿದ್ದ. ಲಾರಿಯಲ್ಲಿದ್ದದ್ದು ಮೇಜು, ಕುರ್ಚಿಗಳು. ಕಸ್ಟಮ್ಸ್ ಅಧಿಕಾರಿ ಬಾಗಿಲಿನ ಸೀಲ್ ನೋಡಿ, ಕಾಗದಗಳಿಗೆಲ್ಲ ಮೊಹರು ಒತ್ತಿ ಕೊಟ್ಟಿದ್ದ. ಅಷ್ಟರಲ್ಲಿ ಲಾರಿಯ ಒಳಗಿನಿಂದ ಯಾರೋ ತಟ್ಟಿದ ಸದ್ದು ಕೇಳಿಸಿತು.

ಹಮ್ಮಬ್ಬ ಯೋಚಿಸಿದ. ಹೇಳಿದರೆ ಜನರನ್ನು ಕದ್ದುಮುಚ್ಚಿ ಗಡಿ ದಾಟಿಸಿದ ಆರೋಪ ತನ್ನ ತಲೆಗೇ ಬರುತ್ತದೆ. ಸುಮ್ಮನಿದ್ದರೆ ಒಳಗಿದ್ದವರು ಉಸಿರುಗಟ್ಟಿ ಸಾಯಬಹುದು. ಅವನು ಅಧಿಕಾರಿಯ ಬಳಿಗೆ ಓಡಿದ.

“ಸಾರ್, ಸೀಲ್ ಒಡೆದು ನೋಡಿ. ಒಳಗೆ ಜನ ಇದ್ದಾರೆ.”

“ಕಾಗದ ಸರಿಯಿದೆ, ಸೀಲ್ ಹಾಗೇ ಇದೆ. ಸುಮ್ಮನೆ ಫೆರಿ ಹತ್ತು.”

“ನಾನೇ ಕೇಳಿದೆ ಸಾರ್, ಯಾರೋ ತಟ್ಟಿದರು.”

“ಜನ ಸಿಕ್ಕರೆ ಮೊದಲು ಜೈಲಿಗೆ ಹೋಗುವವನು ನೀನೇ, ಗೊತ್ತಲ್ಲ?”

“ಗೊತ್ತು. ಅವರು ಸತ್ತರೆ ನನಗೆ ನಿದ್ದೆ ಬರಲಿಕ್ಕಿಲ್ಲ. ಒಡೆಯಿರಿ.”

ಸೀಲ್ ಒಡೆದರು. ಮೇಲಿನ ಟಾರ್ಪಾಲನ್ನು ಯಾರೋ ಕೊಯ್ದು ಮತ್ತೆ ಹೊಲಿದಿದ್ದರು. ಮೇಜುಗಳ ಸಂದಿಯಲ್ಲಿ ಹೆಂಗಸೊಬ್ಬಳು ಮಗುವನ್ನು ಅವಚಿಕೊಂಡು ಕೂತಿದ್ದಳು. ಇಬ್ಬರೂ ಬದುಕಿದ್ದರು. ಹಮ್ಮಬ್ಬ ತಾನೇ ಕೈ ಚಾಚಿ ಅವರನ್ನು ಇಳಿಸಿದ. ಮರುಕ್ಷಣವೇ ಅಧಿಕಾರಿ ಕರೆಸಿದ್ದ ಪೊಲೀಸರು ಆ ಕೈಗೆ ಕೋಳ ಹಾಕಿದರು.

“ಹೆದರಬೇಡ ತಂಗಿ, ಜೀವ ಉಳಿಯಿತಲ್ಲ,” ಎಂದು ಅವನು ತನಗೆ ಬರುವ ಉರ್ದುವಿನಲ್ಲಿ ಸಮಾಧಾನ ಹೇಳಿದ.

ಅವಳು ಕಡಲಿನ ಕಡೆ ನೋಡುತ್ತ ಅತ್ತಳು: “ಒಳಗೆ ಗಾಳಿ ಇತ್ತು ಅಣ್ಣಾ, ನೀರೂ ಇತ್ತು. ಮಗು ಆಟಕ್ಕೆ ತಟ್ಟಿತು. ಇದರ ಅಪ್ಪ ಆಚೆ ದಡದಲ್ಲಿ ಕಾಯುತ್ತಿದ್ದಾನೆ.”