ಒಂಬತ್ತನೇ ಹಳಿ

"ಸರಿ ಮೇಡಂ. ದೊಂಬ್ರೋವಾದಲ್ಲಿ ನಿಲ್ಲಿಸ್ತೀನಿ. ಥ್ಯಾಂಕ್ಸ್," ಎಂದಿತು ರೇಡಿಯೋ. ಕಂಟ್ರೋಲ್ ರೂಮಿನಲ್ಲಿ ಗ್ರಾಜಿನಾ ತುಟಿಗೆ ಹಿಡಿದಿದ್ದ ಚಹಾ ಲೋಟವನ್ನು ಕೆಳಗಿಟ್ಟಳು.

ಮಾತಾಡಿದವನು ಪ್ಯಾಸೆಂಜರ್ ಗಾಡಿಯ ಚಾಲಕ ಲೆಶೆಕ್. ದೊಂಬ್ರೋವಾ ನಿಲ್ದಾಣದ ಆಚೆ ಗೂಡ್ಸ್ ಗಾಡಿಯೊಂದು ಎಂಜಿನ್ ಕೆಟ್ಟು ಹಳಿ ಮೇಲೇ ಕೂತಿತ್ತು. ಅದಕ್ಕೇ ಅವನಿಗೆ ನಿಲ್ದಾಣದಲ್ಲೇ ನಿಲ್ಲುವಂತೆ ಹೇಳಿದ್ದಳು. ಕೊಟ್ಟ ಆದೇಶವನ್ನು ಚಾಲಕ ತಿರುಗಿ ಹೇಳಬೇಕೆಂಬುದು ನಿಯಮ. ಲೆಶೆಕ್ ಹೇಳಿದ್ದ. ಆದರೆ ಈ ಮಹಾಶಯ ಒಂದು ದಿನವಾದರೂ ಬೈಯದೆ ಆದೇಶ ಒಪ್ಪಿದವನೇ? ಗಾಡಿ ತಡೆದರೆ ಸಾಕು, "ಏನಮ್ಮಾ, ಅಲ್ಲಿ ಕೂತ್ಕೊಂಡು ಕೇಕ್ ಮುಕ್ತಾ ಇದ್ದೀರಾ?" ಎಂದು ಶುರುವಾಗಿಬಿಡುತ್ತಿತ್ತು.

"ಸಾರ್, ಲೆಶೆಕ್ ಬೈಲಿಲ್ಲ."

ಮುಖ್ಯಸ್ಥ ಕಚ್ಮಾರೆಕ್ ನಕ್ಕ. "ಹೆಂಡ್ತಿ ಚೆನ್ನಾಗಿ ಉಗಿದು ಕಳಿಸಿರ್ಬೇಕು. ಪುಣ್ಯ ಅನ್ಕೋ."

ಗ್ರಾಜಿನಾ ನಗಲಿಲ್ಲ. ಮೈಕ್ ಎಳೆದುಕೊಂಡಳು. "ಲೆಶೆಕ್, ಆದೇಶ ಬದಲಾಗಿದೆ. ದೊಂಬ್ರೋವಾದಲ್ಲಿ ಒಂಬತ್ತನೇ ಹಳಿಗೆ ತಗೊಳ್ಳಿ."

ಆ ಪುಟ್ಟ ನಿಲ್ದಾಣದಲ್ಲಿ ಇರುವುದೇ ಮೂರು ಹಳಿ. ಲೆಶೆಕ್ ಹುಟ್ಟಿ ಬೆಳೆದ ಊರು ಅದು. ಮಿಕ್ಕ ಆರನ್ನು ನಿಮ್ಮಪ್ಪ ಹಾಕ್ಸಿದ್ನಾ ಎಂದು ಅವನು ಕಿರುಚಬೇಕಿತ್ತು. ಕಿರುಚಲಿ ದೇವರೇ ಎಂದು ಗ್ರಾಜಿನಾ ಕಾದಳು.

"ಒಂಬತ್ತನೇ ಹಳಿ... ಸರಿ ಮೇಡಂ. ಥ್ಯಾಂಕ್ಸ್."

ಮೇಜಿನ ಮೂಲೆಯಲ್ಲಿ ಸೀಲು ಹಾಕಿದ ಕೆಂಪು ಗುಂಡಿ ಇತ್ತು. ಒತ್ತಿದರೆ ರೇಡಿಯೋ ಕೇಳಿಸುವಷ್ಟು ದೂರದ ಗಾಡಿಗಳೆಲ್ಲ ತಾವಾಗಿಯೇ ಬ್ರೇಕ್ ಹಾಕಿಕೊಳ್ಳುತ್ತವೆ. ಅವಳ ಕೈ ಅತ್ತ ಹೋದದ್ದು ಕಂಡು ಕಚ್ಮಾರೆಕ್ ಎದ್ದೇ ಬಿಟ್ಟ.

"ತಡಿ ಮಾರಾಯ್ತಿ! ಗಾರ್ಡ್‌ಗೆ ಫೋನ್ ಮಾಡಿ ನೋಡು. ಎಲ್ಲಾ ಗಾಡಿ ನಿಂತೋದ್ರೆ ನಾನು ಮೇಲಿನವ್ರಿಗೆ ಏನಂತ ಹೇಳ್ಲಿ?"

"ಗಾರ್ಡ್ ಫೋನ್ ಎತ್ತೋದ್ರೊಳಗೆ ಹೊತ್ತು ಮೀರಿರುತ್ತೆ. ಗ್ರಾಜಿನಾಗೆ ತಲೆ ಕೆಟ್ಟಿತ್ತು ಅಂತ ಹೇಳಿ." ಸೀಲು ಕಿತ್ತು ಒತ್ತಿಯೇಬಿಟ್ಟಳು.

ಆಮೇಲೆ ಗಾರ್ಡ್ ಹೆಂಗಸಿಗೆ ಫೋನ್ ಹಚ್ಚಿ, ಎಂಜಿನ್ನಿಗೆ ಓಡು ಎಂದಳು. ಕಾಯುವುದಿದೆಯಲ್ಲ, ಆ ಸಂಕಟ ಶತ್ರುವಿಗೂ ಬೇಡ. ಕೊನೆಗೆ ಏದುಸಿರಿನ ದನಿ ಬಂತು: "ಮೇಡಂ, ದೊಂಬ್ರೋವಾ ದಾಟಿಬಿಟ್ಟಿದ್ದೀವಿ! ಗೂಡ್ಸ್ ಬಾಲ ಎದುರಿಗೇ ಕಾಣ್ತಿದೆ. ಲೆಶೆಕ್ ಅಣ್ಣ ಬೆವರಲ್ಲಿ ತೊಯ್ದು ಹೋಗಿದ್ದಾರೆ, ನನ್ನ ಗುರ್ತೇ ಹಿಡೀತಿಲ್ಲ. ಗಾಡೀಲಿ ಒಬ್ರು ನರ್ಸ್ ಇದ್ರು, ಸಕ್ಕರೆ ಇಳಿದುಹೋಗಿದೆ ಅಂದ್ರು. ಚೆರ್‍ರಿ ಪಾನಕ ಕುಡಿಸ್ತಿದ್ದಾರೆ. ಕೈ ಇನ್ನೂ ಹ್ಯಾಂಡಲ್ ಬಿಟ್ಟಿಲ್ಲ ಮೇಡಂ!"

"ಕುಡಿಸ್ತಾ ಇರಿ. ಆಂಬುಲೆನ್ಸ್ ಕಳಿಸ್ತೀನಿ." ಗ್ರಾಜಿನಾ ಫೋನ್ ಇಟ್ಟಳು. ಆಂಬುಲೆನ್ಸಿಗೆ ಹೇಳಿದಳು. ಕಚ್ಮಾರೆಕ್ ಅವಳ ಲೋಟಕ್ಕೆ ಬಿಸಿ ಚಹಾ ಸುರಿದ.

ಅಷ್ಟರಲ್ಲಿ ರೇಡಿಯೋ ಹತ್ತಿಕೊಂಡು ಉರಿಯತೊಡಗಿತ್ತು. ದಿಢೀರನೆ ನಿಂತ ಗಾಡಿಗಳ ಚಾಲಕರೆಲ್ಲ ಒಟ್ಟಿಗೇ ಬೈಯುತ್ತಿದ್ದರು. "ಯಾವನಯ್ಯಾ ಅದು ಗುಂಡಿ ಒತ್ತಿದವ್ನು?" "ಗುಂಡಿ ಏನು ಆಟದ ಸಾಮಾನಾ?" "ನನ್ನ ಕಾಫಿ ಪೂರ್ತಿ ಪ್ಯಾಂಟಿನ ಮೇಲೆ!"

ಕಚ್ಮಾರೆಕ್ ದನಿ ತಗ್ಗಿಸಲು ಕೈ ಚಾಚಿದ. ಗ್ರಾಜಿನಾ ತಡೆದಳು. "ಬೇಡ ಸಾರ್. ಬೈತಿರೋವ್ರೆಲ್ಲ ಚೆನ್ನಾಗಿದ್ದಾರೆ."

ಅವನು ಗೋಡೆಯ ಫಲಕದಲ್ಲಿ, ನಿಂತ ಗಾಡಿಗಳನ್ನು ತೋರಿಸುವ ದೀಪಗಳ ಮೇಲೆ ಬೆರಳಿಟ್ಟು, ಒಂದೊಂದು ದನಿಯನ್ನೂ ಗುರುತು ಹಚ್ಚುತ್ತಾ ಹೋದ. ಒಂದು ದೀಪದ ಮೇಲೆ ಬೆರಳು ನಿಂತಿತು. ತಾನೇ ಮೈಕ್ ಎತ್ತಿಕೊಂಡ.

"ಏನಪ್ಪಾ, ನೀನ್ಯಾಕೆ ಬೈತಿಲ್ಲ? ಹುಷಾರಾಗಿದ್ದೀಯಾ?"